ಸ್ತಮಾತಾ ನಡೆದ ಗಡಿ

ಅವಳಪ್ಪನಿಗೆ ಮೊದಲೇ ನಾಲ್ಕು ಹೆಣ್ಣು. ಐದನೆಯದೂ ಹೆಣ್ಣೇ ಎಂದು ಸೂಲಗಿತ್ತಿ ಬಂದು ಹೇಳಿದಾಗ ಅವನು ಕರೆಯುತ್ತಿದ್ದ ಮೇಕೆಯ ಕೆಚ್ಚಲು ಬಿಡದೆಯೇ, "ಸ್ತಮಾತಾ ಅಂತ ಕರೀರಿ, ಇಲ್ಲಿಗಾದ್ರೂ ನಿಲ್ಲಲಿ" ಎಂದನಂತೆ. ನಮ್ಮ ಅನೆಮೂಸಾ ದ್ವೀಪದಲ್ಲಿ 'ನಿಲ್ಲು' ಎಂಬರ್ಥದ ಆ ಹೆಸರಿನ ಹೆಂಗಸರು ಊರಿಗೊಬ್ಬರಾದರೂ ಸಿಗುತ್ತಾರೆ. ನಿಲ್ಲಲಿ ಎಂದು ಹೆಸರಿಟ್ಟದ್ದಕ್ಕೆ ನಿಜವಾಗಿ ನಿಂತದ್ದು ಮಾತ್ರ ಅಪರೂಪ. ಇವಳ ಮನೆಯಲ್ಲಿ ಆರನೆಯದು ಗಂಡಾಯಿತು, ಮೂರು ತಿಂಗಳಿಗೆ ತೀರಿಕೊಂಡಿತು, ಆಮೇಲೆ ಮಕ್ಕಳೇ ಆಗಲಿಲ್ಲ, ಅಕ್ಕಂದಿರು ಗಂಡನ ಮನೆ ಸೇರಿದರು. ಹೀಗಾಗಿ ಅಪ್ಪನ ಕೋಲು, ಅಪ್ಪನ ಸಿಳ್ಳೆ, ಬೆಟ್ಟದ ನೆತ್ತಿಯ ಹತ್ತಿರದ ಹಟ್ಟಿಯ ಮೇಲಿನ ಯಜಮಾನಿಕೆ ಎಲ್ಲವೂ ಐದನೆಯ ಮಗಳ ಪಾಲಿಗೆ ಬಂದವು. ಮೇಕೆಗಳು ಮಾತ್ರ ಅಪ್ಪನವೂ ಅಲ್ಲ, ಅವಳವೂ ಅಲ್ಲ, ಕೋಟೆಯ ಧಣಿಗಳವು.

ಧಣಿಗಳೆಂದರೆ ತ್ರೆಮಾರಿ ಮನೆತನ. ಸ್ತಮಾತಾಳ ಮುತ್ತಜ್ಜನ ಕಾಲಕ್ಕೆ ವೆನಿಸ್ ಕಡೆಯಿಂದ ಮೂರು ಹಡಗಿನಲ್ಲಿ ಬಂದು ಬಂದರಿನ ಮೇಲೆ ಕೋಟೆ ಕಟ್ಟಿ ಕೂತವರು. ಕೆಟ್ಟವರೆಂದರೆ ಅಂಥ ಕೆಟ್ಟವರಲ್ಲ, ಒಳ್ಳೆಯವರೆನ್ನಲು ನಾಲಿಗೆ ಸ್ವಲ್ಪ ತಡವರಿಸುತ್ತದೆ. ಮೂರು ತಲೆಮಾರಿನಲ್ಲಿ ನಮ್ಮ ಬೈಗುಳಗಳನ್ನೆಲ್ಲ ಕಲಿತಿದ್ದರು, ನಮ್ಮ ಉಪವಾಸಗಳನ್ನು ಮಾತ್ರ ಕಲಿತಿರಲಿಲ್ಲ. ನೆಲ ಅವರದು, ನೀರು ಅವರದು, ಆ ನೆಲದ ಮೇಲೆ ಹುಟ್ಟಿದ ಒಕ್ಕಲೂ ಅವರದು. ಒಕ್ಕಲಾದವನು ಊರು ಬಿಡಬೇಕಾದರೂ ಹೆಣ್ಣು ತರಬೇಕಾದರೂ ಕೋಟೆಯ ಅಪ್ಪಣೆ ಬೇಕಿತ್ತು.

ಸ್ತಮಾತಾ ಕುಳ್ಳಿ. ಪಾದ ಅಗಲ, ಗಂಟಲು ಅದಕ್ಕಿಂತ ಅಗಲ. ಬೆಟ್ಟದ ಮೇಲೆ ಅವಳು ಒಂದು ಮೇಕೆಯನ್ನು ಬೈದರೆ ಕೆಳಗಿನ ಲಿವಾದಿ ಹಳ್ಳಿಯಲ್ಲಿ ನಾಲ್ಕು ಜನ ಗಂಡಸರು ತಾವೇನು ತಪ್ಪು ಮಾಡಿದೆವೆಂದು ತಿರುಗಿ ನೋಡುತ್ತಿದ್ದರು. ಮುಖ ನೋಡಿ ಮಾತಾಡುವ ಜಾತಿಯಲ್ಲ. ಇದ್ದದ್ದನ್ನು ಇದ್ದ ಹಾಗೆ ಎದುರಿಗೇ ಆಡಿಬಿಡುವವಳು, ಅದಕ್ಕೇ ಅವಳನ್ನು ಕಂಡರೆ ಜನಕ್ಕೆ ನಂಬಿಕೆಯೂ ಇತ್ತು, ಸ್ವಲ್ಪ ಭಯವೂ ಇತ್ತು. ಲಿವಾದಿಯ ಒಬ್ಬ ಬಡಗಿ ಹೇಗೋ ಧೈರ್ಯ ಮಾಡಿ ಅವಳನ್ನು ಮದುವೆಯಾದ. ನಾಲ್ಕು ವರ್ಷ ಲಿವಾದಿಯಲ್ಲಿ ಸಂಸಾರ ಮಾಡಿದಳು, ಪ್ಲೂಮಿ ಎಂಬ ಮಗಳು ಹುಟ್ಟಿದಳು. ಆಮೇಲೆ ಹಡಗುಗಳ ಜೊತೆ ದೊಡ್ಡ ಬೇನೆ ಬಂತು. ಬೇಸಿಗೆ ಮುಗಿಯುವುದರೊಳಗೆ ದ್ವೀಪದ ಅರ್ಧ ಜನ ಮಣ್ಣಾದರು. ಅವಳ ಗಂಡ, ಅಪ್ಪ, ಅವ್ವ, ನಾಲ್ವರು ಅಕ್ಕಂದಿರು ಒಂದೇ ತಿಂಗಳಲ್ಲಿ ಹೋದರು. ಸ್ತಮಾತಾ ಕೂಸನ್ನು ಬೆನ್ನಿಗೆ ಕಟ್ಟಿಕೊಂಡು ತವರಿನ ಹಟ್ಟಿಗೆ ವಾಪಸು ಹತ್ತಿದಳು. ಆ ಇಳಿಜಾರಿನಲ್ಲಿ ಆಮೇಲೆ ಇಪ್ಪತ್ತೈದು ವರ್ಷ ಮೇಕೆ ಮೇಯಿಸಿದವಳು ಅವಳೊಬ್ಬಳೇ.

ಪ್ಲೂಮಿ ದೊಡ್ಡವಳಾದ ಮೇಲೆ ಅವಳನ್ನು ಕೆಳಗಿನ ವ್ರಿಸಿಗೆ ಕೊಟ್ಟಳು. ವ್ರಿಸಿ ಏಳು ಮನೆಯ ಕೇರಿ. ಅಲ್ಲಿ ಬೇಸಿಗೆಯಲ್ಲೂ ಬತ್ತದ ಒಂದು ನೀರಿನ ಬುಗ್ಗೆ ಇದೆ. ಅಳಿಯ ಕೊಸ್ಮಾಸ್ ಮಾತು ಕಮ್ಮಿ, ಕೆಲಸ ಜಾಸ್ತಿ. ಅತ್ತೆಯ ಗಂಟಲಿಗೆ ಅಂಥ ಅಳಿಯನೇ ಸರಿ ಎಂದು ಊರವರು ನಕ್ಕರು. ಪ್ಲೂಮಿಗೆ ಮೊದಲು ಅರ್ಗಿರಿ ಎಂಬ ಹುಡುಗಿ ಹುಟ್ಟಿತು, ಅದಕ್ಕೆ ಮೂರು ತುಂಬುವಾಗ ಫೋತಿ ಎಂಬ ಗಂಡು. ದಿನಾ ಮಧ್ಯಾಹ್ನ ಮೇಕೆಗಳನ್ನು ನೀರಿಗೆ ಇಳಿಸಿದಾಗ ಸ್ತಮಾತಾ ಮಗಳ ಮನೆಯ ಜಗಲಿಯಲ್ಲಿ ಕಾಲು ಚಾಚಿ ಕೂತು ಬಾರ್ಲಿ ರೊಟ್ಟಿ ನೀರಿಗದ್ದಿ ತಿಂದು, ಮೊಮ್ಮಕ್ಕಳನ್ನು ಮೈಮೇಲೆ ಹತ್ತಿಸಿಕೊಂಡು ಏಳುತ್ತಿದ್ದಳು. ಬದುಕಿನಲ್ಲಿ ಅವಳು ಬೇರೇನನ್ನೂ ಬಯಸಿರಲಿಲ್ಲ.

ಫೋತಿ ಹುಟ್ಟಿದ ವರ್ಷವೇ ದೊಡ್ಡ ಧಣಿ ಸತ್ತ. ಗಂಡುಮಕ್ಕಳು ಇಬ್ಬರು, ಹಿರಿಯ ಗಸ್ಪರೊ, ಕಿರಿಯ ಆಂದ್ರಿಯೊಲೊ. ಅಪ್ಪ ಇರುವಾಗಲೇ ಒಂದು ಮೇಜಿಗೆ ಕೂತು ಉಣ್ಣದವರು. ಅಪ್ಪ ಬರೆಸಿಟ್ಟ ಉಯಿಲಿನಲ್ಲಿ ಇದ್ದದ್ದು ಇಷ್ಟೇ: ಅಜ್ಜನ ಕಾಲದಲ್ಲಿ ದ್ವೀಪ ಎರಡಾಗಿದ್ದಾಗ ಗಡಿ ಎಲ್ಲಿತ್ತೋ ಈಗಲೂ ಅಲ್ಲೇ, ಬೆಟ್ಟದಿಂದ ಇಳಿಯುವಾಗ ಎಡಭಾಗ ಹಿರಿಯನಿಗೆ, ಬಲಭಾಗ ಕಿರಿಯನಿಗೆ. ಗಡಿ ಶುರುವಾಗುವುದು ಬೆಟ್ಟದ ತುದಿಯ ಕಾಗೆಬಂಡೆಯಿಂದ, ಮುಗಿಯುವುದು ಸಮುದ್ರದ ದಂಡೆಯ ಸಂತ ಮಾಮಾಸನ ಗುಡಿಯಲ್ಲಿ. ಅದರಲ್ಲಿ ತಕರಾರಿಲ್ಲ. ನಡುವೆ ಒಂದು ಗಡಿಕಲ್ಲಿತ್ತು. ಆ ಕಲ್ಲು ಬೇನೆಯ ಮರುವರ್ಷದ ಮಳೆಗೆ ಕೊಚ್ಚಿಹೋಗಿ ಯಾವ ಕಾಲವಾಗಿತ್ತೋ. ಬಂಡೆಗೂ ಗುಡಿಗೂ ನಡುವಿನ ಇಳಿಜಾರಿನಲ್ಲಿ ಯಾವುದು ಯಾರಿಗೆಂದು ಹೇಳುವವರೇ ಇರಲಿಲ್ಲ.

ನಮ್ಮಲ್ಲಿ ಇಂಥದ್ದಕ್ಕೆ ಒಂದು ಪದ್ಧತಿ ಇದೆ. ಗಡಿ ಕಂಡವರು ಒಬ್ಬರು ಮರದ ಹಲಗೆಯ ಮೇಲೆ ಬರೆದ ದೇವರ ತಾಯಿಯ ಪಟವನ್ನು ಬೆನ್ನಿಗೆ ಕಟ್ಟಿಕೊಂಡು, ಬರಿಗಾಲಲ್ಲಿ, ಬಾಯಿ ಬಿಡದೆ ಆ ಗಡಿಯನ್ನು ನಡೆಯಬೇಕು. ಅವರು ನಡೆದದ್ದೇ ಗಡಿ, ನಡುವೆ ಕೂತಲ್ಲಿ ಗಡಿಕಲ್ಲು. ಇಟ್ಟ ಹೆಜ್ಜೆ ಹಿಂದೆ ತೆಗೆಯುವಂತಿಲ್ಲ. ಕಳ್ಳತನವಾಗಲಿ ಕೊಲೆಯಾಗಲಿ, ಧಣಿಯ ಎದುರು ಒಕ್ಕಲಿನ ಸಾಕ್ಷಿಗೆ ಕವಡೆಯ ಕಿಮ್ಮತ್ತಿಲ್ಲ. ಗಡಿಯ ವಿಷಯದಲ್ಲಿ ಮಾತ್ರ ಒಕ್ಕಲಿನ ಕಾಲು ಹೇಳಿದ್ದನ್ನು ಧಣಿಗಳೂ ಒಪ್ಪಬೇಕು. ಧಣಿಗಳಿಗೆ ಬೆಟ್ಟ ಹತ್ತಿ ಗೊತ್ತಿಲ್ಲವಲ್ಲ, ಬೇರೆ ದಾರಿಯೂ ಇರಲಿಲ್ಲ.

ಗಸ್ಪರೊನ ಪಾರುಪತ್ಯಗಾರ ಬೊನಾತೊ ಏದುಸಿರು ಬಿಡುತ್ತ ಹಟ್ಟಿಗೆ ಹತ್ತಿದ್ದು ಅದಕ್ಕೇ. ದಪ್ಪ ಮನುಷ್ಯ, ಕತ್ತೆಯ ಮೇಲೆ ಬಂದಿದ್ದ. ಅರ್ಧ ದಾರಿಯಲ್ಲಿ ಕತ್ತೆ ಒಲ್ಲೆನೆಂದಿತ್ತು.

"ಇಲ್ಲಿ ಗಂಡಸರು ಯಾರೂ ಇಲ್ವಾ?"

"ಇದಾರೆ ಬುದ್ಧಿ," ಎಂದಳು ಸ್ತಮಾತಾ. "ಅಗೋ ಅಲ್ಲಿ, ಕರೀ ಹೋತ. ಗಡ್ಡಾನೂ ಐತೆ. ಕೇಳಿ ನೋಡಿ."

"ತಮಾಷೆ ಸಾಕು. ಹಳೇ ಗಡಿಕಲ್ಲು ಎಲ್ಲಿತ್ತು ಅಂತ ಕಂಡೋರು ಬೇಕು."

"ಕಂಡೋರೆಲ್ಲ ಮಣ್ಣಲ್ಲಿ ಮಲಗವ್ರೆ. ಎಬ್ಬಿಸ್ಕೊಳ್ಳಿ."

"ನಿಂಗೆ ಗೊತ್ತಿಲ್ವಾ ಹಂಗಾದ್ರೆ?"

ಅವಳಿಗೆ ರೇಗಿತು. ಬೆಟ್ಟದ ಬಗ್ಗೆ ಅವಳಿಗೆ ಗೊತ್ತಿಲ್ಲವೆನ್ನುವುದೇ! "ನಂಗೆ ಗೊತ್ತಿಲ್ದೆ ನಿಮ್ಮ ಕತ್ತೆಗೆ ಗೊತ್ತಾ? ಉಪ್ಪಿನಕಲ್ಲು ಅಂತಿದ್ವಿ ನಾವು. ಮೇಲ್ಗಡೆ ಮಣೆ ಥರ ಚಪ್ಪಟೆ. ನಮ್ಮಪ್ಪ ಅದ್ರ ಮೇಲೆ ಮೇಕೆಗೆ ಉಪ್ಪು ಹಾಕ್ತಿದ್ದ. ಅವನಾದ ಮೇಲೆ ನಾನು. ಕಣ್ಣು ಕಟ್ಟಿ ಬಿಡಿ, ಹೋಗಿ ಅದೇ ಜಾಗದಲ್ಲಿ ನಿಂತ್ಕೋತೀನಿ."

"ಹೆಂಗಸು ಅನ್ನೋದೊಂದು..." ಎಂದು ಬೊನಾತೊ ರಾಗ ಎಳೆದ. ಆದರೆ ಮೂರು ವಾರ ಊರೂರು ಅಲೆದು ಅವನಿಗೆ ಸಾಕಾಗಿತ್ತು. "ಹಾಳಾಗ್ಲಿ, ಇಬ್ರು ಧಣಿಗಳನ್ನೂ ನಾನು ಒಪ್ಪಿಸ್ತೀನಿ. ಸಂತ ಮಾಮಾಸನ ಹಬ್ಬದ ಬೆಳಿಗ್ಗೆ ನಡೀಬೇಕು. ಸರೀನಾ?"

"ಸರಿ," ಎಂದಳು, ಹಿಂದೆಮುಂದೆ ನೋಡದೆ. ಅವಳಂಥ ಬೆಟ್ಟದ ಜನ ಮಾಡುವ ತಪ್ಪೇ ಅದು. ದಾರಿ ಗೊತ್ತೇ ಎಂದು ಯಾರಾದರೂ ಕೇಳಿದರೆ ಸಾಕು, ಎಲ್ಲಿಗೆ ಯಾಕೆ ಎಂದು ವಿಚಾರಿಸದೆ ಎದೆಯುಬ್ಬಿಸಿ ಹೂಂ ಎಂದುಬಿಡುತ್ತಾರೆ.

ಬೊನಾತೊ ಅವಳು ಕೊಟ್ಟ ಚೀಸು ಮೆಲ್ಲುತ್ತ, ಕೆಳಗೆ ಎಡಕ್ಕೆ ಲಿವಾದಿಯನ್ನೂ ಬಲಕ್ಕೆ ವ್ರಿಸಿಯನ್ನೂ ನೋಡಿದ. "ನಿನ್ನ ಮಗಳು ವ್ರಿಸಿಯಲ್ಲಿ ಇರೋದಲ್ವಾ? ಹುಟ್ಟಿದ್ದು?"

"ಲಿವಾದಿಯಲ್ಲಿ. ಯಾಕೆ?"

"ಏನಿಲ್ಲ. ಗಡಿ ಇವೆರಡರ ಮಧ್ಯೆ ಬಂತು ಅಂದ್ರೆ ಅವಳು ಹಿರಿಯ ಧಣಿ ಒಕ್ಕಲು, ಅವಳ ಗಂಡ ಕಿರಿಯ ಧಣಿ ಒಕ್ಕಲು. ಹುಟ್ಟಿದ ನೆಲ ಯಾರದೋ ಒಕ್ಕಲು ಅವರದು. ಗಂಡ ಹೆಂಡ್ತೀನ ಬೇರೆ ಮಾಡಲ್ಲ ಬಿಡು, ಅಷ್ಟು ಪಾಪ ಯಾರು ಕಟ್ಕೊಳ್ತಾರೆ. ಅಪ್ಪ ಅವ್ವ ಬೇರೆ ಬೇರೆ ಧಣಿ ಒಕ್ಕಲಾದ್ರೆ ಎಲ್ಲೇ ಹುಟ್ಟಿರ್ಲಿ, ಮಕ್ಕಳು ಮಾತ್ರ ಪಾಲು. ಎಷ್ಟು ಮಕ್ಕಳು?"

"ಎರಡು."

"ಸುಲಭ ಆಯ್ತು. ಏಳು ವರ್ಷ ತುಂಬಿದ ಮೇಲೆ ಒಂದೊಂದು," ಎಂದು ಅವನು ಬೆರಳು ನೆಕ್ಕಿಕೊಂಡು ಎದ್ದ.

ಅವನು ಕತ್ತೆಯನ್ನು ಎಳೆದುಕೊಂಡು ಇಳಿದು ಹೋದದ್ದು ಸ್ತಮಾತಾಳಿಗೆ ಕಾಣಲಿಲ್ಲ. ಉಪ್ಪಿನಕಲ್ಲು ಇದ್ದದ್ದು ಲಿವಾದಿಗೂ ವ್ರಿಸಿಗೂ ಸರಿಯಾಗಿ ನಡುವೆ. ಅವಳ ಅವ್ವನಿಗೆ ಕಾಲೀ ಎಂಬ ತಂಗಿಯೊಬ್ಬಳಿದ್ದಳಂತೆ. ಹಿಂದಿನ ಪಾಲಿನಲ್ಲಿ ಏಳು ವರ್ಷದ ಆ ಹುಡುಗಿಯನ್ನು ಗಡಿಯಾಚೆ ಕರೆದುಕೊಂಡು ಹೋದವರು ಮತ್ತೆ ತೋರಿಸಲಿಲ್ಲ. ಅವ್ವ ಸಾಯುವ ತನಕ ಬಲಗಡೆಯ ಬೆಟ್ಟದಲ್ಲಿ ಯಾವ ಹೆಂಗಸಿನ ಬಟ್ಟೆ ಕಂಡರೂ ಹಣೆಗೆ ಕೈಯಿಟ್ಟು ನೋಡುತ್ತಿದ್ದಳು. ಅದನ್ನು ಕಂಡು ಬೆಳೆದ ಸ್ತಮಾತಾ ಈಗ ತಾನೂ ಹಣೆಗೆ ಕೈಯಿಟ್ಟು ವ್ರಿಸಿಯ ಕಡೆ ನೋಡಿದಳು.

ಸುದ್ದಿ ವ್ರಿಸಿಗೆ ಅವಳಿಗಿಂತ ಮೊದಲೇ ಇಳಿದಿತ್ತು. ಮರುದಿನ ಮಧ್ಯಾಹ್ನ ಜಗಲಿಯಲ್ಲಿ ಅರ್ಗಿರಿ ಅಜ್ಜಿಯ ಜಡೆ ಬಿಚ್ಚಿ ಕಟ್ಟಿ ಆಡುತ್ತಿತ್ತು. ಪ್ಲೂಮಿ ಫೋತಿಗೆ ಹಾಲು ಕುಡಿಸುತ್ತ ಕೂತಿದ್ದಳು. ರೊಟ್ಟಿ ಮುಂದಿಟ್ಟದ್ದು ಹಾಗೇ ಇತ್ತು.

"ಎಲ್ಲಿತ್ತವ್ವ ಕಲ್ಲು?" ಎಂದು ಕೊನೆಗೆ ಪ್ಲೂಮಿಯೇ ಕೇಳಿದಳು.

"ನಡುವೆ."

"ಸರಿಯಾಗಿ ನೆನಪೈತಾ?"

"ಮರೆತೋಗಿದ್ರೆ ಚೆನ್ನಾಗಿತ್ತು ಕಣೆ."

ಪ್ಲೂಮಿ ಮಗುವನ್ನು ಭುಜಕ್ಕೆ ಹಾಕಿಕೊಂಡು ಬೆನ್ನು ತಟ್ಟಿದಳು. "ನಾನೇನೂ ಕೇಳಲ್ಲ ಅವ್ವ. ತಾಯಿ ಪಟ ಬೆನ್ನ ಮೇಲೆ ಹೊತ್ಕೊಂಡು ಸುಳ್ಳು ನಡೆಯೇ ಅಂತ ಯಾವ ಬಾಯಲ್ಲಿ ಹೇಳ್ಲಿ? ನಿನ್ನ ಆತ್ಮ ನಿಂದು." ಆಮೇಲೆ ಅವಳಿಗೆ ತಡೆಯಲಾಗಲಿಲ್ಲ. "ಯಾವುದನ್ನ ಕೊಡೋದು ಅಂತ ನಿನ್ನೆಯಿಂದ ನೋಡ್ತಾನೇ ಇದೀನಿ. ಇದನ್ನ ಕೊಡ್ಲಾ? ಅದನ್ನ ಕೊಡ್ಲಾ? ಹಂಗೆ ನೋಡೋ ತಾಯಿ ತಾಯೀನಾ ಅವ್ವ?"

ಸ್ತಮಾತಾ ಮೊಮ್ಮಗಳ ಕೈಯಿಂದ ಜಡೆ ಬಿಡಿಸಿಕೊಂಡಳು. ಎದ್ದು ಸೀದಾ ಪಾದ್ರಿಯ ಮನೆಗೆ ಹೋದಳು.

ನಮ್ಮ ಪಾದ್ರಿ ಪಾಪಾ ನಿಕೀತಾ ಅವಳದೇ ವಯಸ್ಸಿನವರು. ಜೇನು ಸಾಕಿಕೊಂಡಿದ್ದರು. ಜೇನಿನ ಜೊತೆ ತಾಳ್ಮೆಯೆಲ್ಲ ಖರ್ಚಾಗಿ ಜನರ ಪಾಲಿಗೆ ಸಿಡುಕು ಮಾತ್ರ ಉಳಿಯುತ್ತಿತ್ತು. ಅವರು ಗೂಡಿಗೆ ಹೊಗೆ ಹಾಕುತ್ತಿದ್ದರು.

"ಸ್ವಾಮಿ, ಗಡಿ ಸುಳ್ಳು ನಡೆದ್ರೆ ಏನಾಗ್ತದೆ?"

"ಯಾರು ನಡೆದ್ರೆ?"

"ಯಾರಾದ್ರೂ."

ಪಾಪಾ ನಿಕೀತಾ ಹೊಗೆಯ ಮಡಕೆ ಕೆಳಗಿಟ್ಟರು. "ಬದುಕಿರೋ ತನಕ ಪರಮಪ್ರಸಾದ ಇಲ್ಲ. ಸತ್ತ ಮೇಲೆ ಅವರ ಕಾಲು ಮಣ್ಣಲ್ಲಿ ಕರಗಲ್ಲ ಅಂತಾರೆ ಜನ. ಕಾಲಿನ ವಿಷಯ ನಂಗೆ ಗೊತ್ತಿಲ್ಲ, ಪ್ರಸಾದದ ವಿಷಯ ಮಾತ್ರ ಖಂಡಿತ."

"ಮಕ್ಕಳಿಗೋಸ್ಕರ ನಡೆದ್ರೂ?"

"ಸುಮ್ನಿರು!" ಎಂದು ಅವರು ಗದರಿದರು. ಸುತ್ತ ನೋಡಿ ದನಿ ತಗ್ಗಿಸಿದರು. "ಏನು ಹೇಳೋದಿದ್ರೂ ಹಬ್ಬ ಮುಗಿದ ಮೇಲೆ ಬಂದು ಹೇಳು. ಮುಂಚೆ ಹೇಳಿದ್ರೆ ನಾನು ತಡೀಬೇಕಾಗತ್ತೆ. ತಡೆಯೋ ಮನಸ್ಸು ನಂಗಿಲ್ಲ. ಹೋಗು ಈಗ, ಜೇನು ಎದ್ದಿದೆ."

ಹಬ್ಬಕ್ಕೆ ಒಂಬತ್ತು ದಿನ ಇತ್ತು. ಸ್ತಮಾತಾ ಆ ಒಂಬತ್ತು ದಿನವೂ ಮೇಕೆಗಳನ್ನು ಬಿಟ್ಟು ಇಳಿಜಾರನ್ನೇ ನೋಡಿದಳು. ಲಿವಾದಿ ವ್ರಿಸಿ ಎರಡೂ ಒಬ್ಬನಿಗೇ ಬೀಳಬೇಕು. ಲಿವಾದಿಯ ಹೊಲಗಳೆಂದರೆ ದ್ವೀಪದ ಅರ್ಧ ಬಾರ್ಲಿ. ಅದನ್ನು ಕಿರಿಯನಿಗೆ ಕೊಟ್ಟರೆ ಹಿರಿಯ ಕತ್ತಿ ಹಿರಿಯುತ್ತಾನೆ. ವ್ರಿಸಿಯನ್ನು ಹಿರಿಯನಿಗೆ ಕೊಟ್ಟರೆ ಕಿರಿಯನಿಗೆ ಬುಗ್ಗೆ ಹೋಗುತ್ತದೆ, ಅವನು ಸುಮ್ಮನಿರುತ್ತಾನೆಯೇ? ಇನ್ನೊಬ್ಬ ಸಾಕ್ಷಿ ಬೇಕೆನ್ನುತ್ತಾನೆ, ಇವಳು ಸುಳ್ಳಿಯೆನ್ನುತ್ತಾನೆ. ನೀರು ಕಿತ್ತುಕೊಂಡವನ ಕೈಯಲ್ಲಿ ಬೇರೆ ಏನಾದರೂ ಇಡಬೇಕು, ಅದೂ ಅವನು ಕೇಳುವ ಮೊದಲೇ. ಎಡಗಡೆಯ ನೆಲದಲ್ಲಿ ಕಿರಿಯನಿಗೆ ಆಸೆ ಹುಟ್ಟಿಸುವಂಥದ್ದು ಇನ್ನೇನಿದೆ ಎಂದು ಅವಳು ಹುಡುಕಿದಳು. ಹುಡುಕುತ್ತಿದ್ದವಳು ಕೂತಿದ್ದದ್ದು ಅದರ ಮೇಲೆಯೇ. ಬೆಟ್ಟದ ಮೇಲಿನ ಹುಲ್ಲುಗಾವಲು, ಹಟ್ಟಿ, ಇನ್ನೂರು ಮೇಕೆ. ವೆನಿಸಿನ ತನಕ ಹೋಗುವ ಚೀಸು ಅಲ್ಲಿಯದು.

ಹಟ್ಟಿ ಕಿರಿಯನ ಪಾಲಾದರೆ ಹಟ್ಟಿಯಲ್ಲಿ ಹುಟ್ಟಿದವಳೂ ಕಿರಿಯನ ಪಾಲು. ಅದು ಹೊಳೆದಾಗ ಅವಳಿಗೆ ಮೊದಲು ಸಮಾಧಾನವಾಯಿತು, ಲೆಕ್ಕ ಸರಿಹೋಯಿತಲ್ಲ ಎಂದು. ಆಮೇಲೆ ಇನ್ನು ಗಡಿ ದಾಟಿ ಹೋಗಲಾಗದ ಮಧ್ಯಾಹ್ನದ ಜಗಲಿ ನೆನಪಾಗಿ ಬಂಡೆಯ ಮರೆಗೆ ಹೋಗಿ ಗಟ್ಟಿಯಾಗಿ ಅತ್ತಳು. ಅವಳ ಅಳುವೂ ಸಣ್ಣದಲ್ಲ. ಮೇಕೆಗಳು ಹೆದರಿ ದಿಕ್ಕಾಪಾಲಾದವು, ಅವನ್ನು ಒಟ್ಟು ಮಾಡುವುದರಲ್ಲಿ ಅಳು ನಿಂತಿತು.

ಹಬ್ಬದ ಬೆಳಿಗ್ಗೆ ಕಾಗೆಬಂಡೆಯ ಹತ್ತಿರ ದ್ವೀಪಕ್ಕೆ ದ್ವೀಪವೇ ಸೇರಿತ್ತು. ಅಣ್ಣತಮ್ಮಂದಿರು ಬೇರೆ ಬೇರೆ ಹೇಸರಗತ್ತೆಯ ಮೇಲೆ, ಬೇರೆ ಬೇರೆ ಕಡೆ ಮುಖ ಮಾಡಿ ಕೂತಿದ್ದರು. ಕೋಟೆಯವರ ಲತೀನ ಪಂಥದ ಪಾದ್ರಿ ಗಂಟೆ ಹಿಡಿದು ನಿಂತಿದ್ದ. ಪಾಪಾ ನಿಕೀತಾ ಪಟವನ್ನು ಹೊದಿಕೆಯಿಂದ ಬಿಚ್ಚಿದರು. ಮಗನನ್ನು ತೋಳಿನಲ್ಲಿ ಹಿಡಿದ ತಾಯಿ, ಹಣೆಯ ಬಣ್ಣವೆಲ್ಲ ಮುತ್ತಿಟ್ಟು ಮುತ್ತಿಟ್ಟು ಸವೆದಿತ್ತು. ಅದನ್ನು ಹಗ್ಗದಿಂದ ಸ್ತಮಾತಾಳ ಬೆನ್ನಿಗೆ ಬಿಗಿದರು. ಅವಳು ಕೂದಲು ಬಿಚ್ಚಿದಳು, ಕೆರ ಕಳಚಿದಳು. ಹಲಗೆ ಅವಳೆಣಿಸಿದ್ದಕ್ಕಿಂತ ಭಾರವಿತ್ತು.

"ಮುದುಕಿ ಗುಡಿ ಮುಟ್ತಾಳಾ, ನಾವೇ ಹೊತ್ಕೊಂಡು ಹೋಗ್ಬೇಕಾ?" ಎಂದು ಆಂದ್ರಿಯೊಲೊ ಕೇಳಿದ. ಕೆಲವರು ನಕ್ಕರು. ಬೇರೆ ದಿನವಾಗಿದ್ದರೆ ಸ್ತಮಾತಾ ಅವನ ಮೂಗು ಕೆಂಪಾಗುವಂಥದ್ದೇನಾದರೂ ಹೇಳುತ್ತಿದ್ದಳು. ಅಂದು ಬಾಯಿ ಬಿಡುವಂತಿರಲಿಲ್ಲ.

ಬಂಡೆಗೆ ಬೆನ್ನು ಕೊಟ್ಟು ನಿಂತಳು. ಕಾಲಿಗೆ ಗೊತ್ತಿದ್ದ ದಾರಿ ಹಟ್ಟಿಯ ಬಲಕ್ಕೆ ಇಳಿಯುತ್ತಿತ್ತು. ಎಷ್ಟು ಹೊತ್ತು ನಿಂತಳೆಂದರೆ ಜನ ಮುಖ ಮುಖ ನೋಡಿಕೊಂಡರು. 'ನೀನೂ ಹೆತ್ತವಳು,' ಎಂದು ಅವಳು ಬೆನ್ನ ಮೇಲಿನ ತಾಯಿಗೆ ಮನಸ್ಸಿನಲ್ಲೇ ಹೇಳಿದಳು, 'ನಿನ್ನ ಮಗನ್ನ ಅರ್ಧ ಕೊಡು ಅಂದ್ರೆ ಕೊಡ್ತಿದ್ಯಾ? ಕೋಪ ಬಂದ್ರೆ ನನ್ನ ಮೇಲೆ ತೀರಿಸ್ಕೋ, ಆ ಕೂಸುಗಳ ತಂಟೆಗೆ ಹೋಗ್ಬೇಡ.' ಆಮೇಲೆ ಎಡಗಾಲು ಎತ್ತಿ ಹಟ್ಟಿಯ ಎಡಕ್ಕೆ ಇಟ್ಟಳು.

ಹಿಂದೆ ಆಳುಗಳು ಇಪ್ಪತ್ತು ಹೆಜ್ಜೆಗೊಂದು ಗೂಟ ಹೊಡೆಯುತ್ತ ಬಂದರು. ಹಟ್ಟಿಯ ಕಲ್ಲುಗೋಡೆಯ ಎಡಗಡೆಯಿಂದ ಅವಳು ಇಳಿಯುವುದನ್ನು ಕಂಡು ಬೊನಾತೊ, "ಏಯ್, ಏನಿದು, ಹಟ್ಟಿ ಆಕಡೆಗೆ ಹೋಯ್ತಲ್ಲ!" ಎಂದು ಕೂಗಿಯೇಬಿಟ್ಟ. ಆಂದ್ರಿಯೊಲೊ ಹೇಸರಗತ್ತೆಯ ಮೇಲೆ ಕುಲುಕಿ ಕುಲುಕಿ ನಕ್ಕ. "ಅಣ್ಣಾ, ನಿನ್ನ ಚೀಸು ನನ್ನ ತಟ್ಟೆಗೆ ಬಂತು! ತಾಯಿಯೇ ನಡೆಸ್ತಾ ಇದಾಳೆ, ಕೂಗಾಡ್ಬೇಡಿ. ಅವಳದೇ ಮನೆ ಕಣಯ್ಯಾ ಅದು, ಅದನ್ನೇ ಬಿಟ್ಟುಕೊಟ್ಟು ನಡೀತಿದಾಳೆ ಅಂದ್ರೆ ಸತ್ಯ ಅಲ್ದೆ ಇನ್ನೇನು?" ಜನ ಹೌದೌದೆಂದರು. ದೊಡ್ಡಿಯೊಳಗಿನ ಮೇಕೆಗಳು ಅವಳ ಹೆಜ್ಜೆಯ ಸದ್ದು ಹಿಡಿದು ಒಟ್ಟಿಗೆ ಅರಚಿದವು. ಸ್ತಮಾತಾ ಆ ಕಡೆ ತಿರುಗಲಿಲ್ಲ.

ಲಿವಾದಿಯನ್ನು ಎಡಕ್ಕೆ ಬಿಟ್ಟು ಇಳಿದು ಬರುವಾಗ ಒಂದು ಕಡೆ ಅವಳ ಪಾದ ತಾನಾಗಿ ನಿಧಾನವಾಯಿತು. ಅಲ್ಲಿ ಅಂಗೈಯಗಲ ನೆಲದಲ್ಲಿ ಇವತ್ತಿಗೂ ಹುಲ್ಲು ಹುಟ್ಟುವುದಿಲ್ಲ. ಅಷ್ಟು ವರ್ಷದ ಉಪ್ಪು ಕುಡಿದ ಮಣ್ಣು ಅದು. ಅಪ್ಪ ಮುಷ್ಟಿಯಿಂದ ಉಪ್ಪು ಸುರಿಯುತ್ತಿದ್ದದ್ದು, ಮರಿಗಳು ಅವನ ಕೈಯನ್ನೇ ನೆಕ್ಕುತ್ತಿದ್ದದ್ದು ಕಣ್ಣಿಗೆ ಕಟ್ಟಿತು. ಇಲ್ಲಿಯ ತನಕ ಇಟ್ಟ ಸುಳ್ಳು ಹೆಜ್ಜೆಗಳು ಅವಳ ಮನೆಯನ್ನಷ್ಟೇ ಕಳೆದಿದ್ದವು. ಇನ್ನು ಮುಂದೆ ಇಡುವುದೆಲ್ಲ ಪರರ ನೆಲದ ಮೇಲೆ. ಇಲ್ಲೇ ಕೂತರೆ ಕಲ್ಲು ಇಲ್ಲೇ ಏಳುತ್ತದೆ, ಅಪ್ಪನ ಸತ್ಯ ಉಳಿಯುತ್ತದೆ. ಬೆನ್ನಿನ ಹಲಗೆ ಕೆಳಕ್ಕೆ ಜಗ್ಗುತ್ತಿತ್ತು. ಕೆಳಗೆ ಬಲಕ್ಕೆ, ವ್ರಿಸಿಯ ಬುಗ್ಗೆಯ ಕಟ್ಟೆಯ ಮೇಲೆ ಪ್ಲೂಮಿ ನಿಂತಿದ್ದಳು. ಕಂಕುಳಲ್ಲಿ ಒಂದು, ಸೆರಗು ಹಿಡಿದು ಒಂದು.

ಸ್ತಮಾತಾ ಬೋಳು ನೆಲವನ್ನು ದಾಟಿ ಬಲಕ್ಕೆ ತಿರುಗಿದಳು. ವ್ರಿಸಿಯ ಕೊನೆಯ ಮನೆಯ ಬಲಗಡೆಯ ಬದುವಿನ ಮೇಲೆ ಹೋಗಿ ಧಪ್ಪನೆ ಕೂತಳು. ಅಲ್ಲಿ ಕಲ್ಲು ನೆಟ್ಟರು. ಬುಗ್ಗೆ ಹಿರಿಯನ ಪಾಲಾದದ್ದು ಕಂಡು ಆಂದ್ರಿಯೊಲೊನ ನಗು ಅರ್ಧಕ್ಕೆ ನಿಂತಿತು. ಆದರೆ ಆಗಷ್ಟೇ ದ್ವೀಪದೆದುರು ತಾಯಿ ನಡೆಸುತ್ತಿದ್ದಾಳೆ ಎಂದವನು ಈಗ 'ಇಲ್ಲ' ಎನ್ನುವುದು ಹೇಗೆ? ಅವನ ಕಣ್ಣು ಮೇಲಿನ ಹುಲ್ಲುಗಾವಲಿಗೂ ಕೆಳಗಿನ ನೀರಿಗೂ ಎರಡು ಸಲ ಹೋಗಿ ಬಂತು. ಕೊನೆಗೆ, "ಸರಿ, ನಡೀರಿ," ಎಂದ. ಸಂತ ಮಾಮಾಸನ ಗುಡಿಯಲ್ಲಿ ಲತೀನ ಪಾದ್ರಿ ಗಂಟೆ ಬಾರಿಸಿದ. ಅಣ್ಣತಮ್ಮಂದಿರು ಎಷ್ಟೋ ವರ್ಷದ ಮೇಲೆ ಒಂದೇ ಬಟ್ಟಲಿನಲ್ಲಿ ವೈನ್ ಕುಡಿದರು.

ಪಟ ಬಿಚ್ಚಿದ ಮೇಲೆ ಸ್ತಮಾತಾ ಅಭ್ಯಾಸದಂತೆ ವ್ರಿಸಿಯ ಕಡೆಗೆ ಕಾಲು ಹಾಕಿದಳು. ಬೊನಾತೊ ಕೋಲು ಅಡ್ಡ ಹಿಡಿದ. "ನೀನೀಗ ಕಿರಿಯ ಧಣಿ ಒಕ್ಕಲು ಅಜ್ಜಿ. ಕೋಪ ಮಾಡ್ಕೋಬೇಡ, ನೀನೇ ನಡೆದದ್ದು. ಅಪ್ಪಣೆ ಇಲ್ದೆ ಈಚೆ ಬಂದ್ರೆ ನಿಂಗೇನೂ ಮಾಡಲ್ಲ, ಇಟ್ಕೊಂಡ ಮನೆಯವರ ಎತ್ತು ಹಿಡಿದುಕೊಂಡು ಹೋಗ್ತೀವಿ."

ಪ್ಲೂಮಿ ಅಷ್ಟು ಹೊತ್ತು ವ್ರಿಸಿ ಉಳಿಯಿತೆಂಬ ಸಂತೋಷದಲ್ಲಿ ಹಟ್ಟಿಯ ಕಡೆ ನೋಡಿರಲೇ ಇಲ್ಲ. ಆ ಮಾತು ಕೇಳಿದ್ದೇ ಕಲ್ಲಿನ ಹತ್ತಿರ ಓಡಿ ಬಂದಳು.

"ಏನು ಮಾಡ್ಕೊಂಡೆ ಅವ್ವ! ನಂಗೆ ಒಂದು ಮಾತು ಹೇಳ್ಬಾರದಿತ್ತಾ?"

"ಹೇಳಿದ್ರೆ ಬೇಡ ಅಂತಿದ್ದೆ."

"ಅಂತಿದ್ದೆ! ಇನ್ನೇನು ಅಂತಿದ್ದೆ!"

"ಅದಕ್ಕೇ ಹೇಳ್ಲಿಲ್ಲ. ಅಳ್ಬೇಡ, ಜನ ನೋಡ್ತಾರೆ. ಮಗೂಗೆ ಹಾಲು ಕೊಡು, ಬಿಸಿಲಲ್ಲಿ ಬಾಡೋಗೈತೆ."

ಸಂಜೆ ಅವಳು ಪಾಪಾ ನಿಕೀತಾರ ಬಳಿ ಹೋಗಿ ಹೇಳಬೇಕಾದ್ದನ್ನು ಹೇಳಿದಳು. ಅವರು ಸಿಡುಕಲಿಲ್ಲ. ಪ್ರಸಾದ ಇಲ್ಲ ಎಂದಷ್ಟೇ ಹೇಳಿದರು. ಆಮೇಲೆ ಒಂದು ಮಡಕೆ ಜೇನು ಕೊಟ್ಟು ಕಳಿಸಿದರು.

ಅಲ್ಲಿಂದ ಮುಂದೆ ಸ್ತಮಾತಾಳಿಗೆ ಅವಳು ಕೇಳದ ಒಂದು ಹೆಸರು ಬಂತು. ಸತ್ಯಕ್ಕೋಸ್ಕರ ಸ್ವಂತ ಹಟ್ಟಿಯನ್ನೂ ಮಗಳ ಮನೆಯ ಊಟವನ್ನೂ ಕಳೆದುಕೊಂಡವಳು ಎಂದು ದ್ವೀಪವೆಲ್ಲ ಕೊಂಡಾಡಿತು. ವ್ಯಾಜ್ಯ ಬಿದ್ದವರು ಬೆಟ್ಟ ಹತ್ತಿ ಬಂದು, "ನೀನು ಹೇಳಿದ್ದೇ ಆಗ್ಲಿ, ಸ್ತಮಾತಾ" ಎನ್ನುತ್ತಿದ್ದರು. ಅವಳು ಅವರನ್ನು ಬೈದು ಓಡಿಸುತ್ತಿದ್ದಳು. ಅದನ್ನೂ ವಿನಯವೆಂದರು. ತಿಂಗಳಿಗೊಮ್ಮೆ ಸಂತ ಮಾಮಾಸನ ಗುಡಿಯಲ್ಲಿ ಎಲ್ಲರೂ ಪ್ರಸಾದಕ್ಕೆ ಸಾಲು ನಿಂತರೆ ಅವಳು ಬಾಗಿಲಾಚೆ ಬಿಸಿಲಿನಲ್ಲಿ ನಿಂತಿರುತ್ತಿದ್ದಳು. ತಾನು ಯೋಗ್ಯಳಲ್ಲವೆಂದುಕೊಳ್ಳುತ್ತಾಳೆ, ಎಂಥ ಹೆಂಗಸು ಎಂದು ಮುದುಕಿಯರು ಕಣ್ಣೊರೆಸಿಕೊಂಡರು. ಪಾಪಾ ನಿಕೀತಾ ಕೆಮ್ಮಿ ಬೇರೆ ಕಡೆ ನೋಡುತ್ತಿದ್ದರು. ಅವಳಿಗೆ ಪ್ರಸಾದ ತಪ್ಪಿದ್ದಕ್ಕಿಂತ ಈ ಹೊಗಳಿಕೆಯೇ ಹೆಚ್ಚು ಚುಚ್ಚುತ್ತಿತ್ತು.

ಅರ್ಗಿರಿಗೆ ಏಳು ತುಂಬಿತು. ಯಾರೂ ಬಂದು ಕರೆದುಕೊಂಡು ಹೋಗಲಿಲ್ಲ. ಅವಳು ತಮ್ಮನನ್ನು ಎಳೆದುಕೊಂಡು ವಾರಕ್ಕೆರಡು ಸಲ ಗಡಿಕಲ್ಲಿನ ತನಕ ಬರುತ್ತಿದ್ದಳು. ಪ್ಲೂಮಿ ಕೊಟ್ಟ ರೊಟ್ಟಿ, ಅಂಜೂರ, ಬೇಯಿಸಿದ ಸೊಪ್ಪು ಕಲ್ಲಿನ ಮೇಲಿಡುತ್ತಿದ್ದಳು. ಸ್ತಮಾತಾ ಆಚೆಯಿಂದ ತಕ್ಕೊಂಡು ತಿನ್ನುತ್ತಿದ್ದಳು. ಅಳಿಯನ ಹತ್ತಿರ ಇದ್ದದ್ದು ಒಂದೇ ಎತ್ತು. ಹಾಗಾಗಿ ಅವಳು ಒಂದು ಹೆಜ್ಜೆಯೂ ಈಚೆ ಇಟ್ಟವಳಲ್ಲ.

ಒಂದು ದಿನ ಅರ್ಗಿರಿ ರೊಟ್ಟಿಯ ಗಂಟನ್ನು ಕಲ್ಲಿನ ಮೇಲೆ ಕುಕ್ಕಿ, ಸೊಂಟಕ್ಕೆ ಕೈಯಿಟ್ಟು ನಿಂತಳು. ಗಂಟಲು ಅಜ್ಜಿಯದೇ.

"ಅಜ್ಜೀ, ಈ ಗಡಿ ನಡೆದದ್ದು ನೀನೇ ಅಂತೆ!"

"ಹೂಂ ಕಣೆ."

"ಕಲ್ಲು ಎಲ್ಲಿತ್ತು ಅಂತ ನಿಂಗೊಬ್ಬಳಿಗೇ ಗೊತ್ತಿತ್ತಂತೆ. ಬೇರೆ ಯಾರಿಗೂ ಗೊತ್ತಿರ್ಲಿಲ್ವಂತೆ."

"ಹೌದು."

"ಮತ್ತೆ ನಿನ್ನ ಹಟ್ಟಿಯಿಂದ ಆಚೆ ಒಂಚೂರು ನಡೆದಿದ್ರೆ ಏನಾಗ್ತಿತ್ತು? ಯಾರಿಗೆ ಗೊತ್ತಾಗ್ತಿತ್ತು? ನೀನೂ ನಮ್ಮ ಕಡೇನೇ ಇರ್ತಿದ್ದೆ, ನಮ್ಮನೇಲೇ ಊಟ ಮಾಡ್ತಿದ್ದೆ!" ಹುಡುಗಿಯ ಕಣ್ಣಲ್ಲಿ ನೀರು ತುಂಬಿತು. "ಎಲ್ರೂ ನಮ್ಮಜ್ಜಿ ಸತ್ಯವಂತೆ ಸತ್ಯವಂತೆ ಅಂತಾರೆ. ನಂಗೆ ಕೋಪ ಬರತ್ತೆ. ನಮಗೋಸ್ಕರ ಒಂದೇ ಒಂದು ಸುಳ್ಳು ಹೇಳಕ್ಕಾಗ್ಲಿಲ್ವಾ ನಿಂಗೆ?"

ಸ್ತಮಾತಾಳ ಬಾಯಿಗೆ ಬಂದ ಮಾತು ಹಲ್ಲಿನ ಹಿಂದೆಯೇ ನಿಂತಿತು. ಒಂದು ಮಗುವಿಗೆ ಹೇಳಿದ್ದು ವ್ರಿಸಿಗೆ ತಲುಪುತ್ತದೆ, ವ್ರಿಸಿಗೆ ತಲುಪಿದ್ದು ಕೋಟೆಗೆ. ಅವಳು ರೊಟ್ಟಿಯ ಗಂಟನ್ನು ನಿಧಾನವಾಗಿ ಬಿಚ್ಚಿದಳು.

"ಹೊಳೀಲಿಲ್ಲ ಕಣೆ," ಎಂದಳು. "ದಡ್ಡಿ ನಿಮ್ಮಜ್ಜಿ."

"ದಡ್ಡೀನೇ!" ಎಂದು ಅರ್ಗಿರಿ ಕಾಲು ಅಪ್ಪಳಿಸಿದಳು. ಫೋತಿಗೆ ಜಗಳ ಅರ್ಥವಾಗದೆ ಅಕ್ಕನ ಲಂಗ ಎಳೆದು, "ಮನೆಗೆ ಹೋಗೋಣ ಬಾ, ಹಸಿವು" ಎಂದ. ಅವಳು ಮೂಗು ಒರೆಸಿಕೊಂಡು, ಅಜ್ಜಿಯ ಕಡೆ ನೋಡದೆ ಅವನ ಕೈ ಹಿಡಿದಳು. ಇಬ್ಬರೂ ಬುಗ್ಗೆಯ ದಾರಿಯಲ್ಲಿ ಇಳಿದರು. ಅವನು ಎಡವಿದ, ಅವಳು ಬೈದು ಎತ್ತಿದಳು. ಸ್ತಮಾತಾ ರೊಟ್ಟಿಯ ಚೂರನ್ನು ಕೈಯಲ್ಲಿ ಹಿಡಿದುಕೊಂಡು, ಅಕ್ಕತಮ್ಮ ಇಬ್ಬರೂ ಒಂದೇ ಬಾಗಿಲಿನಿಂದ ಒಳಗೆ ಹೋಗುವ ತನಕ ನೋಡುತ್ತಾ ನಿಂತಿದ್ದಳು.